ಪೋಲಂಡಿನ ಅಕ್ಕ

ಹೆಣ್ಣು ನೋಡಲು ಬಂದವರು ಸಾಮಾನ್ಯವಾಗಿ ಕಿವಿಯನ್ನು ನೋಡುವುದಿಲ್ಲ; ಕಿವಿಯಲ್ಲಿ ಏನಿದೆ ಎಂದು ನೋಡುತ್ತಾರೆ. ಝುಮಕಿ ಅಪ್ಪಟ ಬಂಗಾರದ್ದೋ, ಬರೀ ನೀರು ಕುಡಿಸಿದ್ದೋ ಎಂದು ಪರೀಕ್ಷೆ ಮಾಡುವ ಭರದಲ್ಲಿ ಝುಮಕಿ ನೇತಾಡುವ ಜಾಗ ಅವರ ಕಣ್ಣಿಗೆ ಬೀಳುವುದೇ ಇಲ್ಲ. ನನ್ನ ಅಣ್ಣನ ಮಗಳು ಶಿವಲೀಲಾಳ ವಿಷಯದಲ್ಲಿ ಮಾತ್ರ ಇದು ತಿರುವುಮುರುವಾಯಿತು. ಧಾರವಾಡದ ಕಡೆಯಿಂದ ಬಂದಿದ್ದ ವರನ ತಾಯಿ ಹುಡುಗಿಯ ಕಿವಿ ನೋಡಿದವರೇ ಉಪ್ಪಿಟ್ಟಿನ ತಾಟು ಕೆಳಗಿಟ್ಟರು. "ಇದೇನ್ರಿ, ಸಣ್ಣಾಕಿದ್ದಾಗ ಸುಟ್ಟಿತ್ತೇನು?" ಎಂದರು. ಶಿವಲೀಲಾ ತಲೆಯೆತ್ತಿ, "ಇಲ್ರಿ, ಕುಸ್ತಿ ಆಡಿ ಹಿಂಗಾಗ್ಯಾವ್ರಿ," ಎಂದಳು. ಉಪ್ಪಿಟ್ಟು ಆರಿತು, ಸಂಬಂಧವೂ ಆರಿತು.

ಪೈಲವಾನರ ಕಿವಿ ನೀವು ನೋಡಿರಬಹುದು. ಎದುರಾಳಿಯ ಭುಜಕ್ಕೆ, ಮೊಣಕೈಗೆ, ನೆಲಕ್ಕೆ ಉಜ್ಜಿ ಉಜ್ಜಿ ಒಳಗೆ ರಕ್ತ ಹೆಪ್ಪುಗಟ್ಟಿ, ಅದು ಹಾಗೆಯೇ ಗಟ್ಟಿಯಾಗಿ, ಕೊನೆಗೆ ಅವಸರದಲ್ಲಿ ಮಡಿಚಿದ ಕರಿಗಡಬಿನ ಆಕಾರಕ್ಕೆ ಬರುತ್ತದೆ. ನಮ್ಮ ಅಣ್ಣ ಈರಣ್ಣನ ಕಿವಿಯೂ ಹಾಗೆಯೇ. ಆದರೆ ಅವನಿಗೆ ಹೆಣ್ಣು ನೋಡಲು ಹೋದಾಗ ಬೀಗರು "ಪೈಲವಾನ್ರು ಬಂದ್ರು" ಎಂದು ಎದ್ದು ನಿಂತು ಕೈ ಮುಗಿದಿದ್ದರು. ಅಂಥದೇ ಕಿವಿ, ಅಪ್ಪನ ತಲೆಗೆ ಅಂಟಿದಾಗ ಕಿರೀಟ, ಮಗಳ ತಲೆಗೆ ಅಂಟಿದಾಗ ಊನ. ಅಂಬಿಕಾನಗರದ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸುತ್ತಲೇ ತಲೆ ನರೆತವಳು ನಾನು. ಲಿಂಗ ಬದಲಾದರೆ ಅರ್ಥ ಇಷ್ಟೊಂದು ಬದಲಾಗುತ್ತದೆ ಎಂದು ಯಾವ ಪಾಠದಲ್ಲೂ ಇರಲಿಲ್ಲ.

ಅಣ್ಣನದು ಹಳಿಯಾಳದ ಹತ್ತಿರದ ಹಳ್ಳಿ. ಹೊಲದ ಮೂಲೆಯಲ್ಲಿ ಕೆಂಪು ಮಣ್ಣು ಹದ ಮಾಡಿ, ಎಣ್ಣೆ ಹಾಕಿ ಕಣ ಮಾಡಿ, ಮಗಳಿಗೆ ತಾನೇ ಪಟ್ಟು ಕಲಿಸಿದ. ಶಿವಲೀಲಾ ಜಿಲ್ಲೆ ಗೆದ್ದಳು, ರಾಜ್ಯ ಗೆದ್ದಳು. ರಾಷ್ಟ್ರಮಟ್ಟದ ತಂಡದ ಆಯ್ಕೆಗೆ ಹೋದಾಗ ಮಾತ್ರ, ಅವಳು ಕೆಡವಿದ ಹುಡುಗಿಯ ಹೆಸರೇ ತಂಡದಲ್ಲಿ ಬಂತು. ಯಾಕೆಂದು ಕೇಳಿದರೆ "ಅನುಭವ ಸಾಲದು" ಎಂದರಂತೆ. ಅನುಭವ ಸಾಲದವಳ ಕೆಳಗೆ ಅನುಭವಸ್ಥೆ ಬೆನ್ನು ಊರಿ ಮಲಗಿದ್ದು ಅವರ ಲೆಕ್ಕಕ್ಕೆ ಬರಲಿಲ್ಲ. ಮರುವರ್ಷವೂ ಅದೇ ಕತೆ. ಅವಳು ಕಣಕ್ಕೆ ಬೆನ್ನು ಹಾಕಿ ಬೆಳಗಾವಿಯ ಒಂದು ಜಿಮ್ ಸೇರಿಕೊಂಡಳು. ಅಲ್ಲಿ ಕಲಿಸುತ್ತಿದ್ದುದು ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್. ಪತ್ರಿಕೆಗಳು ಇದನ್ನು ಮಿಶ್ರ ಸಮರ ಕಲೆ ಎಂದು ಬರೆಯುತ್ತವೆ. ಕಬ್ಬಿಣದ ಜಾಲರಿಯೊಳಗೆ ಇಬ್ಬರನ್ನು ಬಿಟ್ಟು ಬಾಗಿಲು ಹಾಕುವುದು. ಗುದ್ದಬಹುದು, ಒದೆಯಬಹುದು, ಬಿದ್ದವರ ಮೇಲೆ ಕೂತು ಮತ್ತೂ ಗುದ್ದಬಹುದು. ನಮ್ಮ ವೈನಿ, ಅಂದರೆ ಶಿವಲೀಲಾಳ ತಾಯಿ, ಒಂದು ಸಲ ಮೊಬೈಲಿನಲ್ಲಿ ನೋಡಿ, "ಇದರಾಗ ಕಲೆ ಎಲ್ಲೈತ್ರಿ? ಮಿಶ್ರ ಅಂತೂ ಐತಿ," ಎಂದು ಒಳಗೆ ಹೋದರು.

ಈ ಜಾಲರಿಯೊಳಗೇ ನಮ್ಮ ಹುಡುಗಿಗೆ ಗುರುವೊಬ್ಬಳು ಸಿಕ್ಕಿದಳು, ಕಂಡದ್ದು ಮೊಬೈಲಿನಲ್ಲಿ ಮಾತ್ರ. ಪೋಲಂಡ್ ದೇಶದವಳು, ತನ್ನ ತೂಕದಲ್ಲಿ ಜಗತ್ತಿನ ಚಾಂಪಿಯನ್ ಆಗಿದ್ದವಳು. ಅವಳ ಮನೆತನದ ಅಡ್ಡಹೆಸರನ್ನು ನಾನು ಬರೆಯಲಾರೆ. ಸ್ವರಗಳಿಲ್ಲದೆ ವ್ಯಂಜನಗಳೇ ಒಂದರ ಹಿಂದೊಂದು ನಿಂತ ಆ ಹೆಸರಿಗೆ ಕನ್ನಡದಲ್ಲಿ ಒತ್ತಕ್ಷರ ಕೊಡುತ್ತ ಹೋದರೆ ಕೆಳಗಿನ ಸಾಲಿಗೆ ಜಾಗ ಉಳಿಯುವುದಿಲ್ಲ. ಮನೆಯವರು ಕರೆಯುವ ಹೆಸರು ಸುಲಭ: ಹಾನ್ಯಾ. ಅಣ್ಣ ಅದನ್ನು ಕೇಳಿ, "ಹಾನಿ ಅಂತ ಯಾರರ ಹೆಸರಿಡ್ತಾರೇನು?" ಎಂದು ನಕ್ಕಿದ್ದ. ಶಿವಲೀಲಾ ಮಾತ್ರ "ಪೋಲಂಡಿನ ಅಕ್ಕ" ಎಂದೇ ಕರೆಯುತ್ತಿದ್ದಳು, ಒಡಹುಟ್ಟಿದವಳೆಂಬಂತೆ.

ರಜೆಯಲ್ಲಿ ನಮ್ಮ ಮನೆಗೆ ಬಂದಾಗಲೆಲ್ಲ ಅವಳು ನನಗೆ ಅಕ್ಕನ ಕತೆ ಹೇಳುತ್ತಿದ್ದಳು. ಹಾನ್ಯಾ ಕಲ್ಲಿದ್ದಲ ಗಣಿಯ ಊರಿನವಳು, ಗಣಿ ಕಾರ್ಮಿಕನ ಮಗಳು. ಶಾಲೆಯ ಸಭಾಂಗಣದಲ್ಲಿ ಜೂಡೋ ಕಲಿತು, ಬೇಕರಿಯಲ್ಲಿ ಕೆಲಸ ಮಾಡಿಕೊಂಡು ಸಣ್ಣಪುಟ್ಟ ಊರುಗಳಲ್ಲಿ ಕಾದಾಡಿ, ಮೂಗು ಮುರಿಸಿಕೊಂಡು, ಗೆಲ್ಲುತ್ತ ಮೇಲೆ ಬಂದವಳು. ಕೊನೆಗೆ ಚಾಂಪಿಯನ್‌ಷಿಪ್ಪಿನ ಪಂದ್ಯ. ಒಂದು ಕಣ್ಣು ಬಾತು ಪೂರ್ತಿ ಮುಚ್ಚಿಹೋಗಿತ್ತು. ಕೊನೆಯ ಸುತ್ತು, ಎಲ್ಲರೂ ಮುಗಿಯಿತು ಅಂದುಕೊಂಡಾಗ ಕೆಳಗೆ ಬಿದ್ದಲ್ಲಿಂದಲೇ ಎದುರಾಳಿಯ ಕುತ್ತಿಗೆಗೆ ತೋಳು ಸುತ್ತಿ, ಅವಳು ಸೋತೆನೆಂದು ನೆಲ ತಟ್ಟುವವರೆಗೂ ಬಿಡಲಿಲ್ಲ. ಆ ಪಂದ್ಯದ ಒಂದೊಂದು ಹೊಡೆತವೂ ಶಿವಲೀಲಾಳಿಗೆ ಬಾಯಿಪಾಠ. ಆಮೇಲೆ ಹಾನ್ಯಾ ಪಟ್ಟ ಉಳಿಸಿಕೊಂಡಳು, ಕಳೆದುಕೊಂಡಳು, ಮತ್ತೆ ಗಳಿಸಲು ಹೋಗಿ ಎರಡು ಸಲ ಪ್ರಜ್ಞೆ ತಪ್ಪಿ ಬಿದ್ದಳು. ಹಾಗೆ ಬಿದ್ದಮೇಲೆ ಆಕೆಯ ಸುದ್ದಿಯೇ ಇರಲಿಲ್ಲ.

ಹಲ್ಲಿ ಕಂಡರೆ ಕುರ್ಚಿ ಹತ್ತುವ ನಾನೂ ಈ ಪಂದ್ಯಗಳಿಗೆ ಮರುಳಾದೆ. ಗಿರ್ಮಿಟ್ಟಿನ ತಾಟು ಮಡಿಲಲ್ಲಿಟ್ಟುಕೊಂಡು, "ಹಾಕವಾ, ಇನ್ನೊಂದು ಹಾಕು!" ಎಂದು ಕೂಗುತ್ತಿದ್ದೆ. ಪವರ್‌ಹೌಸಿನ ಪಾಳಿ ಮುಗಿಸಿ ಬಂದ ನಮ್ಮ ಮನೆಯವರು ಬಾಗಿಲಲ್ಲೇ ನಿಂತು, ಒಳಗೆ ಬರುವುದೋ ಬೇಡವೋ ಎಂದು ಯೋಚಿಸುತ್ತಿದ್ದರು. ಪೆಟ್ಟು ಬೇರೆಯವರ ಮುಖಕ್ಕೆ ಬೀಳುವಾಗ ಅದಕ್ಕೆ ಎಂಥ ಸೊಬಗು ಬಂದುಬಿಡುತ್ತದೆ! ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ನಮ್ಮ ಸೀಮೆಯ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ವೀರ ಹೊಡೆದಾಡಿ ಸಾಯುತ್ತಾನೆ. ಮೇಲಿನ ಪಟ್ಟಿಯಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ. ಸತ್ತವನಿಗೆ ಕಲ್ಲು ಉಂಟು. ಅದೇ ಕಾಳಗದಲ್ಲಿ ಸೊಂಟ ಮುರಿದುಕೊಂಡು, ತಲೆಗೆ ಪೆಟ್ಟು ತಿಂದು ಮನೆಗೆ ಬಂದು, ಇನ್ನೂ ಎಷ್ಟೋ ಕಾಲ ಹೆಂಡತಿಯ ಕೈಯಿಂದ ಗಂಜಿ ಕುಡಿದವನಿಗೆ ಯಾರೂ ಒಂದು ಕಲ್ಲು ಕೆತ್ತಿಸಿದ್ದು ನಾನು ಕಾಣೆ. ಅಂಥವರು ಇರಲಿಲ್ಲವೆಂದಲ್ಲ, ಶಿಲ್ಪಿಗೆ ಅದರಲ್ಲಿ ಚಂದ ಕಾಣಲಿಲ್ಲ.

ಶಿವಲೀಲಾ ಗೋವೆಯಲ್ಲಿ ಗೆದ್ದಳು, ಮುಂಬಯಿಯಲ್ಲಿ ಗೆದ್ದಳು. ಕಳೆದ ಸುಗ್ಗಿಯ ಹೊತ್ತಿಗೆ ದುಬೈಯಿಂದ ಕರೆ ಬಂತು. ಅಣ್ಣ ಊರ ಸರ್ಕಲ್ಲಿನಲ್ಲಿ ದೊಡ್ಡ ಬ್ಯಾನರ್ ಕಟ್ಟಿಸಿದ. ಮಗಳ ಚಿತ್ರದ ಸುತ್ತ, ಒಂದು ದಿನವೂ ಅವಳ ಕುಸ್ತಿ ನೋಡದ ಗಣ್ಯರ ಮುಖಗಳು. ಆ ದಿನಗಳಲ್ಲೇ ಅವಳು ನಮ್ಮ ಮನೆಗೆ ಬಂದಿದ್ದಳು. ಚಹಕ್ಕೆ ಸಕ್ಕರೆ ಹಾಕಿ, ಕಲಕಿ, ಮತ್ತೆ ಸಕ್ಕರೆ ಹಾಕಿದಳು. ಬಿಸಿಲಿಗೆ ಕಣ್ಣು ಬಿಡಲಾರದೆ ಕಿಟಕಿ ಮುಚ್ಚು ಎಂದಳು. ತಲೆನೋವು ಯಾವಾಗಿನಿಂದ ಎಂದು ಕೇಳಿದರೆ, "ಎಲ್ಲಾರಿಗೂ ಇರ್ತೈತಿ ಅತ್ತಿ," ಎಂದು ಮಾತು ಹಾರಿಸಿದಳು. ಅಣ್ಣನಿಗೆ ಫೋನ್ ಮಾಡಿದೆ. "ನೀ ಹೆದರಬ್ಯಾಡ. ಗೆದ್ದು ಮುಂಡಾಸ ಸುತ್ತೋ ತಲಿ ಅದು, ನೋಯದ ಇರ್ತೈತೇನು?" ಎಂದ.

ಆಗ ಬಂದವರು ಶೇಖಪ್ಪ, ವೈನಿಯ ತಮ್ಮ. ಮುಂಡಗೋಡದಲ್ಲಿ ಅವರದು ಗೋವಿನಜೋಳದ ವ್ಯಾಪಾರ. ಟಿಬೆಟನ್ ಕಾಲೊನಿಯ ಬೆಳೆಯೆಲ್ಲ ಹೆಚ್ಚಾಗಿ ಅವರ ತಕ್ಕಡಿಗೇ ಬರುತ್ತದೆ. "ಕಾಲೊನ್ಯಾಗ ಒಬ್ಬಾಕಿ ಫಾರಿನ್ ಹೆಣ್ಣಮಗಳು ಬಂದಾಳ. ಆಕಿ ಕಿವಿ ಥೇಟ್ ನಮ್ಮ ಲೀಲಾನ ಕಿವಿ ಇದ್ದಂಗ ಅದಾವ ನೋಡ್ರಿ," ಎಂದರು. ಮೊಬೈಲಿನಲ್ಲಿ ದೂರದಿಂದ ತೆಗೆದ ಚಿತ್ರ ತೋರಿಸಿದರು. ಶಿವಲೀಲಾ ಅದನ್ನು ದೊಡ್ಡದು ಮಾಡಿ ನೋಡಿದಳು. ನೋಡಿ ನೆಲದ ಮೇಲೆ ಕೂತುಬಿಟ್ಟಳು. "ಅತ್ತಿ, ನಮ್ಮ ಅಕ್ಕ!"

ಮರುದಿನವೇ ಹೊರಟೆವು. ದಾರಿಯಲ್ಲಿ ಅಣ್ಣನ ಮನೆಗೆ ಹೋದಾಗ ವೈನಿ ಶೇಂಗಾ ಹೋಳಿಗೆ ಕಟ್ಟಿ ಕೊಟ್ಟರು. ನಾನು ದುಭಾಷಿ. ನನ್ನ ಇಂಗ್ಲಿಷು ಬಸ್ಸಿನ ಬೋರ್ಡು ಓದುವಷ್ಟು. ಆದರೂ ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಳ್ಳುತ್ತ ಕೂತೆ. ಕಾಲೊನಿಯ ರಸ್ತೆಬದಿಗೆ ಗೋವಿನಜೋಳ ಹರವಿ ಒಣಗಿಸಿದ್ದರು, ಕೆಂಪು ನಿಲುವಂಗಿಯ ಲಾಮಾಗಳು ಅದನ್ನು ದಾಟಿಕೊಂಡು ಹೋಗುತ್ತಿದ್ದರು. ಶೇಖಪ್ಪ ಹೇಳಿದ ಚಹದಂಗಡಿಯ ಮಾಲೀಕಳು ಡೋಲ್ಮಾ ಎಂಬ ಟಿಬೆಟನ್ ಹೆಂಗಸು. ನಾವು ವಿಚಾರಿಸಿದೊಡನೆ ನಮಗಿಂತ ಚೆನ್ನಾಗಿ ನಮ್ಮ ಕನ್ನಡದಲ್ಲೇ ಹೇಳಿದಳು:

"ಕುಂದರ್ರಿ ಅಕ್ಕಾರ, ಈಗ ಬರ್ತಾಳ. ಆಕಿ ತಂಗಿ ಇಲ್ಲಿ ಬೌದ್ಧ ಧರ್ಮ ಓದಾಕ ಬಂದಾಳ್ರಿ. ಅಕ್ಕನ್ನ ಒಬ್ಬಾಕಿನ್ನ ಬಿಡಾಕ ಬರೂದಿಲ್ಲಂತ ಸಂಗಾಟ ಕರಕೊಂಡ ಬಂದಾಳ. ದಿನಾ ಇಲ್ಲೇ ಬರ್ತಾಳ್ರಿ, ಬಂದು ನನಗ ಕೇಳ್ತಾಳ, ಡೋಲ್ಮಾನ ಅಂಗಡಿ ಎಲ್ಲೈತಿ ಅಂತ."

ನಾನು ನಕ್ಕೆ. ಡೋಲ್ಮಾ ನಗಲಿಲ್ಲ.

ಹಾನ್ಯಾ ಬಂದಳು. ಎತ್ತರದ, ಅಗಲ ಭುಜದ ಹೆಂಗಸು. ನಡೆಯುವಾಗ ಒಂದು ಕಾಲು ನೆಲ ಇದೆಯೋ ಇಲ್ಲವೋ ಎಂದು ಕೇಳಿ ಕೇಳಿ ಇಡುವಂತಿತ್ತು. ವಯಸ್ಸು ನಲವತ್ತರ ಆಚೆ ಇರಲಾರದು. ಶಿವಲೀಲಾ ಎದ್ದವಳೇ ಬಗ್ಗಿ ಕಾಲು ಮುಟ್ಟಿದಳು. ಆಕೆ ಗಾಬರಿಯಾಗಿ ಅವಳನ್ನು ಎತ್ತಿ, ಮುಖ ನೋಡಿ, ಆಮೇಲೆ ಕಿವಿ ನೋಡಿದಳು. ಕಿವಿ ನೋಡಿದಾಗ ಮುಖ ಅರಳಿತು. ಬೆರಳಿನಿಂದ ಅದನ್ನು ಮುಟ್ಟಿ, ತನ್ನದನ್ನೂ ಮುಟ್ಟಿಕೊಂಡಳು. ಹೋಳಿಗೆ ತಿಂದಳು, ಇನ್ನೊಂದು ಬೇಡಿ ತಿಂದಳು.

ಶಿವಲೀಲಾಳಿಗೆ ಹೇಳಬೇಕಾಗಿದ್ದುದು ಒಂದೇ. ಆ ಚಾಂಪಿಯನ್‌ಷಿಪ್ಪಿನ ಪಂದ್ಯ ನೋಡಿಯೇ ತಾನು ಈ ದಾರಿಗೆ ಬಂದೆ ಎಂದು. ನನ್ನ ಇಂಗ್ಲಿಷು ಎರಡನೆಯ ವಾಕ್ಯಕ್ಕೇ ಸೋತಿತು. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ, ಇದ್ದಷ್ಟು ಇಂಗ್ಲಿಷಿನಲ್ಲಿ, ಉಳಿದದ್ದನ್ನು ಕೈಕಾಲುಗಳಲ್ಲಿ ಹೇಳಲಾರಂಭಿಸಿದಳು. ಚಹದಂಗಡಿಯ ಬೆಂಚು ಸರಿಸಿ ಆಡಿ ತೋರಿಸಿದಳು. ಇಲ್ಲಿ ಪೆಟ್ಟು ಬಿತ್ತು, ಈ ಕಣ್ಣು ಮುಚ್ಚಿತು, ಹೀಗೆ ಬಿದ್ದಳು, ಎದುರಾಳಿ ಮೇಲೆ ಬಂದು ಕೂತಳು. ಹಾನ್ಯಾ ಚಹ ಮರೆತು, ಬಾಯಿ ತುಸು ತೆರೆದು, ಕತೆ ಕೇಳುವ ಮಗುವಿನ ಹಾಗೆ ಮುಂದಕ್ಕೆ ಬಾಗಿ ನೋಡುತ್ತಿದ್ದಳು. ಶಿವಲೀಲಾ ನೆಲದ ಮೇಲೆ ಮಲಗಿ, ಇಲ್ಲದ ಕುತ್ತಿಗೆಗೆ ತೋಳು ಸುತ್ತಿ ಏದುಸಿರು ಬಿಡುತ್ತಿದ್ದಾಗ ಹಾನ್ಯಾ ತಡೆಯಲಾರದೆ ಕೇಳಿದಳು:

"ಆಮೇಲೆ? ಯಾರು ಗೆದ್ದರು?"

ಅಷ್ಟು ಇಂಗ್ಲಿಷು ನನಗೂ ಅರ್ಥವಾಯಿತು. ಶಿವಲೀಲಾ ನೆಲದಿಂದ ಏಳಲಿಲ್ಲ. ನನ್ನ ಕಡೆ ನೋಡಿದಳು, ನಾನು ಡೋಲ್ಮಾಳ ಕಡೆ ನೋಡಿದೆ, ಡೋಲ್ಮಾ ಗ್ಲಾಸು ತೊಳೆಯತೊಡಗಿದಳು.

"ನೀವು," ಎಂದಳು ಶಿವಲೀಲಾ. "ನೀವೇ ಗೆದ್ದಿರಿ."

ಹಾನ್ಯಾ ಚಪ್ಪಾಳೆ ತಟ್ಟಿದಳು. ಎದ್ದು ನಿಂತು, ಎರಡೂ ಕೈ ಮೇಲೆತ್ತಿ ನಕ್ಕಳು. ಆ ನಗುವಿನಲ್ಲಿ ನಾಟಕವಿರಲಿಲ್ಲ, ದುಃಖವಿರಲಿಲ್ಲ. ಈಗಷ್ಟೇ ಒಳ್ಳೆಯ ಸುದ್ದಿ ಕೇಳಿದವರು ನಗುವ ನಗು ಅದು. ಅದಕ್ಕಿಂತ ಭಯಂಕರವಾದದ್ದನ್ನು ನಾನು ಯಾವ ಜಾಲರಿಯೊಳಗೂ ನೋಡಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಶಿವಲೀಲಾ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಕಲಘಟಗಿ ದಾಟಿದ ಮೇಲೆ, "ಅತ್ತಿ, ನಾ ದುಬೈಗೆ ಹೋಗೂದಿಲ್ಲ," ಎಂದಳು. ಇಷ್ಟೇ. ನಾನು ಅವಳ ಕೈ ಹಿಡಿದುಕೊಂಡೆ.

ಹೊಡೆತ ತಿನ್ನಲು ಒಪ್ಪಿದವಳನ್ನು ಹುಲಿ ಎಂದವರು ಒಲ್ಲೆನೆಂದವಳನ್ನು ಏನೆಂದರು ಎಂದು ಬರೆಯುವುದು ಬೇಡ. "ಅಂಜಿದಳು" ಎಂಬುದೇ ಅದರಲ್ಲಿ ಮರ್ಯಾದೆಯ ಮಾತು. ಅಣ್ಣ ಊರವರ ಮುಂದೆ "ವೀಸಾ ಸಿಗಲಿಲ್ರಿ" ಎಂದು ಹೇಳಿಕೊಂಡು ತಿರುಗಿದ. ಮಗಳು ಬುದ್ಧಿವಂತಳಾದಳು ಎನ್ನುವುದಕ್ಕಿಂತ ಸರ್ಕಾರ ಅಡ್ಡ ಬಂತು ಎನ್ನುವುದು ಅವನಿಗೆ ಗೌರವವಾಗಿ ಕಂಡಿತು. ಬ್ಯಾನರನ್ನು ಯಾರೋ ಬಿಚ್ಚಿಕೊಂಡು ಹೋಗಿ ಗೋವಿನಜೋಳದ ರಾಶಿಗೆ ಹೊದಿಸಿದರು. ಮನೆಯೊಳಗೆ ಅಪ್ಪ ಮಗಳ ಮಾತು ನಿಂತಿತು. ನಾನು ಒಂದು ದಿನ ಹೋಗಿ, ಚಹದಂಗಡಿಯಲ್ಲಿ ನಡೆದದ್ದನ್ನೆಲ್ಲ ಅಣ್ಣನಿಗೆ ಹೇಳಿದೆ. ಎಲ್ಲ ಕೇಳಿ, "ಆಕಿ ಪರದೇಶದಾಕಿ, ಅವರ ಮೈ ಬ್ಯಾರೆ," ಎಂದ. ಆಮೇಲೆ, "ಖರೇನ ಏನೂ ನೆನಪಿಲ್ಲೇನು ಆಕೀಗೆ?" ಎಂದು ಕೇಳಿದ. ನಾನು ಇಲ್ಲ ಎಂದೆ. ಅವನು ದನಗಳಿಗೆ ನೀರು ಕುಡಿಸಲು ಎದ್ದು ಹೋದ.

ಶಿವಲೀಲಾ ದಾಂಡೇಲಿಗೆ ಬಂದಳು. ಈಗ ಕೋಗಿಲಬನದ ಹತ್ತಿರ, ಕಾಳಿ ನದಿಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿಕೊಂಡು ಹೋಗುವ ಕೆಲಸ. ತಲೆನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಹಾನ್ಯಾಳನ್ನು ಅವಳ ತಂಗಿ ಊರಿಗೆ ಕರೆದೊಯ್ದಳೆಂದು ಡೋಲ್ಮಾ ಶೇಖಪ್ಪನಿಗೆ ಹೇಳಿದಳಂತೆ.

ಕಳೆದ ತಿಂಗಳು ಅಣ್ಣ ಯಾವುದೋ ಕೆಲಸಕ್ಕೆ ದಾಂಡೇಲಿಗೆ ಬಂದಿದ್ದ. ನಾನು ಒತ್ತಾಯ ಮಾಡಿ ಹೊಳೆಯ ದಂಡೆಗೆ ಕರೆದುಕೊಂಡು ಹೋದೆ. ದೂರದಲ್ಲಿ, ಬಂಡೆಯ ನೆರಳಿನಲ್ಲಿ ನಿಂತ, ತಾನು ನೋಡಲು ಬಂದವನೇ ಅಲ್ಲ ಎನ್ನುವಂತೆ. ಅಷ್ಟರಲ್ಲಿ ನೀರು ಸುಳಿಯುವಲ್ಲಿ ಒಂದು ದೋಣಿ ವಾಲಿ, ಭಾರೀ ಮೈಯ ಒಬ್ಬ ಪ್ರವಾಸಿ ಹೊಳೆಗೆ ಬಿದ್ದ. ಹೆದರಿ ಕೈಕಾಲು ಬಡಿಯುತ್ತ, ಹತ್ತಿರ ಬಂದವರನ್ನೇ ಒದೆಯುತ್ತಿದ್ದ. ಶಿವಲೀಲಾ ತನ್ನ ದೋಣಿಯ ಅಂಚಿಗೆ ಮೊಣಕಾಲು ಊರಿ, ಅವನ ಜಾಕೀಟಿನ ಎರಡೂ ಭುಜ ಹಿಡಿದು, ಒಂದೇ ಎಳೆತಕ್ಕೆ ದೋಣಿಯೊಳಗೆ ತನ್ನ ಮೈಮೇಲೆ ಕೆಡವಿಕೊಂಡಳು. ಬೀಳುವಾಗ ಆ ಮನುಷ್ಯನ ಮೊಣಕೈ ಅವಳ ದವಡೆಗೆ ತಗುಲಿತು. ಅವಳು ದವಡೆ ಸವರಿಕೊಂಡು ಅವನ ಬೆನ್ನು ತಟ್ಟಿದಳು.

ದೋಣಿ ದಂಡೆಗೆ ಬಂದಾಗ ಅಣ್ಣ ನೆರಳು ಬಿಟ್ಟು ಇಳಿದು ಬಂದಿದ್ದ. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದವನು ಮಗಳಿಗೆ ಹೇಳಿದ ಮೊದಲ ಮಾತು ಇದು:

"ಎಡಗೈ ಸಡ್ಲ ಬಿಟ್ಟಿ. ಬಿಗಿ ಹಿಡದಿದ್ರ ಮೊಣಕೈ ಬಡೀತಿರಲಿಲ್ಲ."

ಶಿವಲೀಲಾ ಹಗ್ಗ ಕಟ್ಟುತ್ತಲೇ, "ಬಿಗಿ ಹಿಡದಿದ್ರ ಅವಗ ನೋವಾಗ್ತಿತ್ತಪ್ಪಾ," ಎಂದಳು.

ಅಣ್ಣ ಚಪ್ಪಲಿ ಕಳಚಿ ಹೊಳೆಗಿಳಿದು, ದೋಣಿಯ ಇನ್ನೊಂದು ತುದಿಗೆ ಕೈ ಹಾಕಿದ.