ಬೀಗರು ತಿಂದ ಗಿಡದ ಹೆಸರು

ಮೊಣಕಾಲು ನೋವಿಗೆ ಡಾಕ್ಟರು ಬರೆದುಕೊಟ್ಟ ಮುಲಾಮಿನ ಟ್ಯೂಬು ನಿನ್ನೆ ಮನೆಗೆ ಬಂತು. ಏನೇ ಕೊಂಡರೂ ಅದರ ಮೇಲಿನ ಸಣ್ಣಕ್ಷರವನ್ನೆಲ್ಲ ಓದದೆ ನನಗೆ ಸಮಾಧಾನವಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು "ರೀಡ್ ದಿ ಲೇಬಲ್, ಚೈಲ್ಡ್" ಎಂದು ಕಿವಿ ಹಿಂಡಿ ಕಲಿಸಿದ್ದು; ಕಿವಿ ಮಂದವಾದರೂ ಪಾಠ ಹೋಗಿಲ್ಲ. ಭೂತಗನ್ನಡಿ ಹಿಡಿದು ಓದುತ್ತ ಹೋದೆ. ಅಲ್ಲೊಂದು ಕಡೆ 'ಕಾಂಫ್ರಿ' ಎಂದಿತ್ತು. ಎದೆ ಒಮ್ಮೆ ಧಸಕ್ಕೆಂದಿತು, ಹಿಂದೆಯೇ ನಗು ಬಂತು. ಯಾಕೆಂದು ಹೇಳುತ್ತೇನೆ, ನೀವೂ ಸ್ವಲ್ಪ ಆರಾಮಾಗಿ ಕೂತುಕೊಳ್ಳಿ.

ಎಂಬತ್ತರ ದಶಕದ ಮಾತು. ಲಿಂಗಸುಗೂರಿನ ಮನೆಗೆ ಸೊಸೆಯಾಗಿ ಬಂದಿದ್ದ ನಾನು ದಿನಾ ಬಸ್ಸು ಹಿಡಿದು ಮಸ್ಕಿಗೆ ಹೋಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಒಮ್ಮೆ ರಜೆಯಲ್ಲಿ ನೀಲಗಿರಿಯಲ್ಲಿದ್ದ ಹಳೆಯ ಕ್ಲಾಸ್‌ಮೇಟ್ ಮನೆಗೆ ಹೋಗಿದ್ದಾಗ, ಹೊರಡುವ ಗಡಿಬಿಡಿಯಲ್ಲಿ ಆಕೆ ಮಣ್ಣು ಮೆತ್ತಿದ ಬೇರಿನ ತುಂಡೊಂದನ್ನು ಪೇಪರಿನಲ್ಲಿ ಸುತ್ತಿ ಕೈಗಿಟ್ಟಳು. ಅವಳ ತೋಟದ ಒಂದೇ ಮಡಿಯಲ್ಲಿ ಕಾಂಫ್ರಿಯೂ ಇತ್ತು, ಫಾಕ್ಸ್‌ಗ್ಲವ್ವೂ ಇತ್ತು. ಹೂವಿಲ್ಲದಾಗ ಎರಡೂ ಅಕ್ಕತಂಗಿಯರ ಹಾಗೆ. ದೊಡ್ಡ ಎಲೆ, ಮೈತುಂಬ ರೋಮ. ಆದರೆ ಒಂದು ಉಳುಕಿಗೆ ಅರೆದು ಕಟ್ಟುವ ಗಿಡ, ಇನ್ನೊಂದು ಹೊಟ್ಟೆಗೆ ಹೋದರೆ ಎದೆಬಡಿತವನ್ನೇ ನಿಲ್ಲಿಸಬಲ್ಲ ವಿಷ. "ಕಾಂಫ್ರಿ, ಐ ಥಿಂಕ್. ಹೂವಾದಾಗ ತಾನೇ ಗೊತ್ತಾಗ್ತದೆ ಬಿಡು" ಎಂದಳು. ಆ 'ಐ ಥಿಂಕ್' ನನ್ನ ಜೊತೆ ಬಸ್ಸು, ರೈಲು, ಮತ್ತೆ ಬಸ್ಸು ಹತ್ತಿ ಊರಿಗೆ ಬಂತು.

ಬಚ್ಚಲ ನೀರು ಹರಿಯುವಲ್ಲಿ, ಬೇವಿನ ನೆರಳಿಗೆ ನೆಟ್ಟೆ. ನಮ್ಮ ಬಿಸಿಲಿಗೆ ಸಾಯುತ್ತದೆ ಅಂದುಕೊಂಡಿದ್ದೆ. ಅದು ಮೊಂಡು ಹುಡುಗಿಯ ಹಾಗೆ ಬೆಳೆಯಿತು. "ಅತ್ತೀ, ಇದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿಟ್ಟಿದ್ದೆ.

"ಮಲ್ಲಿಗಿ ಅಲ್ಲ, ಬದನಿಕಾಯಿ ಅಲ್ಲ. ಇದಕ್ಕ ದಿನಾ ನೀರ ಬ್ಯಾರೆ!" ಎಂದಿದ್ದರು ಅತ್ತೆ.

ಥಂಡಿ ದಿನಗಳಲ್ಲಿ ಅದು ಮೊದಲ ಹೂವಿನ ದಂಟು ಎತ್ತಿದ ವಾರವೇ ನನ್ನ ನಾದಿನಿ ಗಿರಿಜೆಯನ್ನು ನೋಡಲು ಮುದಗಲ್‌ನಿಂದ ತಾಯಿ ಮಗ ಬಂದರು. ವರ ಸಿಂಧನೂರಿನ ಕಾಲೇಜಿನಲ್ಲಿ ಲೆಕ್ಚರರ್. ಯಾವ ಸಬ್ಜೆಕ್ಟ್ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಪರ್ಮನೆಂಟ್ ಹೌದೋ ಅಲ್ಲೋ ಎಂದಷ್ಟೇ ಕೇಳಿದ್ದರು.

ಅವತ್ತು ಶನಿವಾರ, ಬೆಳಗಿನ ಶಾಲೆ. ಮುಗಿಸಿಕೊಂಡು ಬಂದು ಹಿತ್ತಲ ಬಾಗಿಲಿನಿಂದ ಕಾಲಿಟ್ಟರೆ ಗಿಡ ಬೋಳು. ಹೂವಿನ ದಂಟೊಂದು ನಿಂತಿತ್ತು, ಎಲೆ ಒಂದೂ ಇರಲಿಲ್ಲ.

"ಅತ್ತೀ, ಎಲಿ ಎಲ್ಲಿ ಹೋದ್ವು?"

"ಭಜಿ ಹಾಕೀನಿ. ಮನ್ಯಾಗ ಉಳ್ಳಾಗಡ್ಡಿ ತೀರಿದ್ವು. ಅಜವಾನದ ಎಲಿಗತೆ ಐತಿ, ಹಿಟ್ಟು ಚಲೋ ಹಿಡದೈತಿ. ಬೀಗರು ಬಾಯಿ ಚಪ್ಪರಿಸಿ ತಿಂದ್ರು ನೋಡು."

"ಮುಟ್ಟಬ್ಯಾಡ್ರಿ ಅಂದಿದ್ನಲ್ರೀ!"

"ಮುಟ್ಟಬ್ಯಾಡ ಅಂದಿ. ತಿನ್ನಬ್ಯಾಡ ಅಂದಿದ್ದೇನು?"

"ನೀವೂ ತಿಂದೀರೇನ್ರಿ?"

"ರುಚಿ ನೋಡದ ಮಂದಿ ಮುಂದ ಇಡ್ತಾರೇನ?"

ವಿಷಯ ಹೇಳಿದೆ. ಒಲೆಯ ಮುಂದಿದ್ದ ಅತ್ತೆ ಉಳಿದ ಹಿಟ್ಟಿನ ಪಾತ್ರೆಯನ್ನು ದೂರ ಸರಿಸಿಟ್ಟರು. ನೋಡಿಸಿಕೊಳ್ಳುವ ಹುಡುಗಿ ಬೀಗರು ಎದ್ದು ಹೋಗುವ ತನಕ ಬಾಯಿಗೆ ಏನೂ ಹಾಕಬಾರದೆಂಬುದು ನಮ್ಮ ಮನೆಯ ರಿವಾಜು. ಸದ್ಯ, ಗಿರಿಜೆಯೊಬ್ಬಳು ಉಳಿದಳು ಅಂದುಕೊಂಡೆ. ಡಾಕ್ಟರಿಗೆ ತೋರಿಸಲು ಬೇಕಾದೀತೆಂದು ಹೂವಿನ ದಂಟು ಕಿತ್ತು ಸೆರಗಿನಲ್ಲಿ ಮರೆಮಾಡಿಕೊಂಡು ಪಡಸಾಲೆಗೆ ಓಡಿದೆ.

ಬಾಯಿಬಿಟ್ಟು ಹೇಳಿದರೆ ಸಂಬಂಧ ಹೋಗುತ್ತದೆ, ಹೇಳದಿದ್ದರೆ ಜೀವ. ವರನ ತಾಯಿಯ ಪಕ್ಕ ಕೂತು, "ಬಳಿ ಭಾಳ ಚಂದ ಅದಾವ್ರಿ" ಎಂದು ಅವರ ಮಣಿಕಟ್ಟು ಹಿಡಿದುಕೊಂಡೆ. ಬೆರಳಿಗೆ ನಾಡಿ ಸಿಕ್ಕಿತು, ಕುದುರೆಯ ಹಾಗೆ ಓಡುತ್ತಿತ್ತು. ಅದು ಅವರದೋ ನನ್ನದೋ ತಿಳಿಯಲಿಲ್ಲ. ಸುಳ್ಳೇಕೆ, ನೇರವಾಗಿ ಹೇಳಿಬಿಡೋಣ, ದವಾಖಾನೆಗೆ ಕರೆದೊಯ್ಯೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಲ್ಲಿಯತನಕ ತುಟಿಪಿಟಕ್ಕೆನ್ನದ ವರ ನನ್ನ ಸೆರಗನ್ನೇ ನೋಡುತ್ತ ಎದ್ದುನಿಂತ.

"ಆ ಹೂವು ಸ್ವಲ್ಪ ಕೊಡ್ರೀ. ನಾ ಬಾಟನಿ ಲೆಕ್ಚರರ್. ಇದು ಈ ಸೀಮ್ಯಾಗ ಹೆಂಗ ಬಂತ್ರೀ? ಒಂದು ಸೂಜಿ ಇದ್ರ ಕೊಡ್ರಿ."

ಕೊಟ್ಟೆ. ಅಲ್ಲಿಯವರೆಗೆ ನಮ್ಮ ಮನೆತನ, ಬೆಡಗು ವಿಚಾರಿಸುತ್ತಿದ್ದ ಸಭೆ ಈಗ ಹೂವಿನ ಮನೆತನ ಕೇಳಲು ಬಾಗಿತು.

"ದಂಟಿನ ತುದಿ ನೋಡ್ರಿ, ಚೇಳಿನ ಕೊಂಡಿಗತೆ ಸುತ್ತಿಕೊಂಡೈತಿ. ಹೂವೆಲ್ಲ ಕೆಳಗ ಮಾರಿ ಮಾಡ್ಯಾವ. ನಮ್ಮ ಹೊಲದಾಗಿನ ಕತ್ತಿತುಂಬಿ ಇಲ್ಲೇನ್ರಿ, ಅದರ ಬಳಗ. ಬೊರಾಜಿನೇಸಿ ಫ್ಯಾಮಿಲಿ."

"ಫಾಕ್ಸ್‌ಗ್ಲವ್ ಇರಬಹುದೇನ್ರಿ?" ಎಂದು ಮೆಲ್ಲಗೆ ಕೇಳಿದೆ.

"ಅದರ ದಂಟು ನೆಟ್ಟಗ ಇರ್ತೈತ್ರಿ. ಹೂವಿನ ಗಂಟಲದಾಗ ಚುಕ್ಕಿ ಇರ್ತಾವ. ಇದರಾಗ ಎಲ್ಲಿ ಅದಾವ ಚುಕ್ಕಿ?" ಉದುರಿದ ಹೂವಿನ ಬುಡವನ್ನು ಸೂಜಿಯಿಂದ ಬಿಡಿಸಿದ. "ನಾಲ್ಕ ಬೀಜ, ಒತ್ತಿಕೊಂಡು ಕುಂತಾವ. ಫಾಕ್ಸ್‌ಗ್ಲವ್ ಆಗಿದ್ರ ಡಬ್ಬಿ ತುಂಬ ಸಾಸಿವಿಗಿಂತ ಸಣ್ಣವು. ಇದು ಕಾಂಫ್ರಿ."

"ಕಾಂಫ್ರಿ, ಯು ಥಿಂಕ್?"

"ಥಿಂಕ್ ಏನಿಲ್ರೀ. ಕಾಂಫ್ರಿ."

"ಯಪ್ಪಾ, ಹೆಣ್ಣು ನೋಡಾಕ ಬಂದು ಗಿಡಾ ನೋಡಾಕತ್ತಿಯಲ್ಲೋ!" ಎಂದರು ಅವನ ತಾಯಿ.

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ನೀವು ಈಗ ತಿಂದ ಭಜಿ ಅದರದ ರೀ" ಎಂದುಬಿಟ್ಟರು. ಅವನು ಖಾಲಿ ತಾಟನ್ನೊಮ್ಮೆ, ಸೂಜಿಯನ್ನೊಮ್ಮೆ ನೋಡಿ ಜೋರಾಗಿ ನಕ್ಕ. "ಒಂದು ದಿನಕ್ಕ ಏನೂ ಆಗಂಗಿಲ್ರಿ. ಆದ್ರ ದಿನಾ ಮಾಡಬ್ಯಾಡ್ರಿ, ಲಿವರ್‌ಗೆ ಚಲೋ ಅಲ್ಲ." ನಾನು ಹಿತ್ತಲಿಗೆ ಹೋಗಿ, ಬಚ್ಚಲ ಕಟ್ಟೆಯ ಮೇಲೆ ಕೂತು ಮನಸಾರೆ ಅತ್ತುಬಿಟ್ಟೆ. ಅಂಥ ಹಗುರವನ್ನು ನನ್ನ ಮದುವೆಯ ದಿನವೂ ಕಂಡಿರಲಿಲ್ಲ. ಬೇಸಿಗೆಗೆ ಅಕ್ಷತೆ ಬಿತ್ತು, ಗಿರಿಜೆ ಸಿಂಧನೂರಿನವಳಾದಳು.

ಟ್ಯೂಬಿನ ಮೇಲೆ ಆ ಹೆಸರು ಓದಿದ ನಂತರ ನಿನ್ನೆ ಅವಳಿಗೆ ಫೋನು ಹಚ್ಚಿದೆ. ಇಬ್ಬರೂ ನಕ್ಕೆವು. "ಏನೇ ಅನ್ನು, ನೀ ಒಬ್ಬಾಕಿ ತಿಂದಿರಲಿಲ್ಲ ಅನ್ನೋದೇ ಅವತ್ತು ನನಗ ಧೈರ್ಯ" ಎಂದೆ.

"ತಿಂದಿದ್ದೆ ವೈನಿ. ಬೆಳಗಿನಿಂದ ಉಪವಾಸ, ಹಸಿವು ತಡೀಲಿಲ್ಲ. ಅವ್ವಗೂ ಗೊತ್ತಿಲ್ಲದಂಗ ಬುಟ್ಟಿ ತಳಾ ಕಾಣೂ ಹಂಗ ತಿಂದಿದ್ದೆ. ನೀ ಒಲಿ ಮುಂದ ವಿಷ ಅಂದಾಗ ಬಾಗಲ ಹಿಂದ ನಿಂತಿದ್ದೆ."

"ಹುಚ್ಚಿ! ಹೇಳಬಾರದಿತ್ತೇನ?"

"ನಿನ್ನ ಮಾರಿ ಆಗಲೇ ಸುಣ್ಣ ಆಗಿತ್ತು. ನಂದೂ ಹೇಳಿದ್ರ ನೀ ಅಲ್ಲೇ ಬೀಳ್ತಿದ್ದಿ. ಅದಕ್ಕ ಸುಮ್ಮನ ನಿಂತು, ಅವರು ಏನಂತಾರ ಅಂತ ಕಿವಿಗೊಟ್ಟಿದ್ದೆ."

ಇಷ್ಟು ವರ್ಷ ತಡವಾಗಿ ಬಂದ ಅಂಜಿಕೆ, ಪೂರ್ತಿ ಬಂತು.

"ಈಗ ಆರಾಮ ಅದೀಯಲ್ಲ?" ಎಂದೆ.

"ಮೊಮ್ಮಕ್ಕಳು ಸಾಲಿಗೆ ಹೋಗಾಕತ್ತಾವ, ಈಗ ಕೇಳ್ತಿಯಲ್ಲ ವೈನಿ!"

ಆದರೂ ಅವಳ ಬಾಯಿಂದ 'ಆರಾಮ ಅದೀನಿ' ಎಂಬ ಮಾತು ಬರುವ ತನಕ ನಾನು ಫೋನು ಇಡಲಿಲ್ಲ.