ಹುಣಸೆಹಣ್ಣಿನಲ್ಲಿ ತೊಳೆದ ನಾಣ್ಯ

ಅಕ್ಟೋಬರ್ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ. ಸ್ವೀಡನ್ನಿನ ಸೊಲ್ಲೆಂಟುನಾ ಊರಿನಲ್ಲಿ ಮಗಳ ಮನೆಯ ಅಡುಗೆಮನೆ. ಇದ್ದವರು ನಾನು, ಮನೆಯಿಂದಲೇ ಕೆಲಸ ಮಾಡುತ್ತಿದ್ದ ಮಗಳು, ಐದು ನಿಮಿಷದ ನಂತರ ಬಂದ ಕೆಳಗಿನ ಮನೆಯ ಸ್ವೀಡಿಷ್ ಹಿರಿಯರು.

ಅವರಿಗೂ ನನಗೂ ಒಂದೇ ಹುಚ್ಚು: ಅಚ್ಚು ಜರುಗಿದ ನಾಣ್ಯಗಳು. ಟಂಕಸಾಲೆಯಲ್ಲಿ ಒಂದು ಬದಿಯ ಅಚ್ಚು ತುಸು ತಿರುಗಿ ಕೂತರೆ ಆ ಬದಿಯ ಚಿತ್ರ ವಾಲಿಕೊಂಡೇ ಮೂಡುತ್ತದೆ. ಮೂವತ್ತು ವರ್ಷ ಹಾಸ್ಟೆಲ್ ವಾರ್ಡನ್ ಆಗಿ, ಹೊದಿಕೆಯ ಮಡಿಕೆ ಸೊಟ್ಟಗಿದ್ದರೂ ಸಹಿಸದವಳಿಗೆ ಇವುಗಳ ಮೇಲೆ ಹೇಗೆ ಪ್ರೀತಿ ಬಂತೋ! ಸೋಮವಾರ ಅವರು ತಮ್ಮ ತಂದೆಯ ತಾಮ್ರದ ನಾಣ್ಯವೊಂದನ್ನು ಕೊಟ್ಟು, ಚಿತ್ರ ಎಷ್ಟು ಡಿಗ್ರಿ ವಾಲಿದೆ ಅಳೆದುಕೊಡಿ ಎಂದಿದ್ದರು. ಅವರ ಕೈ ನಡುಗುತ್ತದೆ.

ಶುಕ್ರವಾರದ ಪೂಜೆಗೆ ಗುರುವಾರ ಸಂಜೆಯೇ ದೀಪ ತೊಳೆಯುವುದು ನನ್ನ ಕ್ರಮ. ಹುಣಸೆಹಣ್ಣು, ಉಪ್ಪು ಹಚ್ಚಿ ಉಜ್ಜುವಾಗ ನಾಣ್ಯ ಪಕ್ಕದಲ್ಲೇ ಕಪ್ಪಗೆ ಕೂತಿತ್ತು. ಎರವಲು ತಂದ ಪಾತ್ರೆಯನ್ನು ತೊಳೆಯದೆ ಹಿಂದಿರುಗಿಸುವವಳಲ್ಲ ನಾನು. ಅದನ್ನೂ ಉಜ್ಜಿದೆ.

ಮಗಳು ಬೆಳಿಗ್ಗೆ ನೋಡಿದಳು. "ಅಮ್ಮಾ, ಇದನ್ನೂ ತೊಳೆದ್ಯಾ? ಇನ್ನು ಅರಿಶಿನ ಕುಂಕುಮ ಹಚ್ಚೋದೊಂದು ಬಾಕಿ."

"ಕೊಳೆ ಇತ್ತು, ತೆಗೆದೆ."

"ಅದು ಕೊಳೆ ಅಲ್ಲಮ್ಮ. ಹಳೇ ನಾಣ್ಯಕ್ಕೆ ಆ ಬಣ್ಣಾನೇ ಜೀವ. ಈಗ ಅಂಕಲ್‌ಗೆ ಏನ್ ಹೇಳ್ತೀಯ?"

ನನ್ನ ಸಂಗ್ರಹದಲ್ಲಿರುವುದೆಲ್ಲ ತಾಮ್ರದಂತೆ ಕಪ್ಪಾಗದ ಉಕ್ಕಿನ ರೂಪಾಯಿಗಳು. ಈ ವಿಷಯ ನನಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು.

ಹಿರಿಯರು ನಾಣ್ಯವನ್ನು ಅಂಗೈಯಲ್ಲಿಟ್ಟು ನೋಡಿದರು. "ಇದು ನನ್ನದೇನಾ?" ಎಂದರು, ಇಂಗ್ಲಿಷಿನಲ್ಲಿ.

"ನಿಮ್ಮದೇ. ಕಿಟಕಿಯ ಬೆಳಕಿಗೆ ಹಾಗೆ ಕಾಣುತ್ತೆ," ಎಂದುಬಿಟ್ಟೆ.

ಮಗಳು ತಲೆ ತಗ್ಗಿಸಿ ಲ್ಯಾಪ್‌ಟಾಪ್ ನೋಡತೊಡಗಿದಳು. ಸುಳ್ಳು ಹೇಳಿದ ಹುಡುಗಿಯರನ್ನು ಗಂಟೆಗಟ್ಟಲೆ ವರಾಂಡದಲ್ಲಿ ನಿಲ್ಲಿಸಿದವಳು ನಾನು. ಹಿರಿಯರು ಕಿಟಕಿಯಿಂದ ದೂರ ಸರಿದು ಮತ್ತೆ ನೋಡಿದರು. ಆಗ ಹೇಳಿದೆ: ಹುಣಸೆಹಣ್ಣು, ಉಪ್ಪು, ಎಲ್ಲ. ಬೆಳಕಿನ ಮಾತು ಸುಳ್ಳೆಂದೂ ಹೇಳಿದೆ.

"ಅಪ್ಪ ಇದನ್ನು ಸದಾ ಜೇಬಲ್ಲೇ ಇಟ್ಟುಕೊಂಡಿರ್ತಿದ್ದರು," ಎಂದರು. ನಾನಿಟ್ಟ ಕಾಫಿ ಆರಿಹೋಯಿತು, ಅವರು ಮುಟ್ಟಲಿಲ್ಲ. ಏಳುವಾಗ ನಾಣ್ಯವನ್ನೂ, ಅದರ ವಿವರ ಬರೆಯಲು ತಂದಿದ್ದ ಕಾರ್ಡನ್ನೂ ನನ್ನ ಮುಂದೆ ಸರಿಸಿ, "ಅಳತೆ ಬಾಕಿ ಇದೆ," ಎಂದರು.

ಮಧ್ಯಾಹ್ನ ಕೋನಮಾಪಕವಿಟ್ಟು ಮೂರು ಸಲ ಅಳೆದೆ. ಕಾರ್ಡಿನಲ್ಲಿ ಮೂವತ್ತೆರಡು ಡಿಗ್ರಿ ಎಂದು ಬರೆದೆ. ಕೆಳಗೆ, ತೊಳೆಯಲಾಗಿದೆ ಎಂದು ಬರೆದು, ತೊಳೆದವಳ ಹೆಸರನ್ನೂ ಹಾಕಿದೆ. ನಾಲ್ಕು ಗಂಟೆಗೆ ಕೆಳಗಿಳಿದು ಎರಡನ್ನೂ ಅವರ ಕೈಗೆ ಕೊಟ್ಟುಬಂದೆ.