ಬುಗುರಿ ತಿಂದ ಸಪಾದಭಕ್ಷ್ಯ

ಎರಡು ಸಾವಿರದ ಇನ್ನೂರು ಡಾಲರ್. ಒಂದು ದೊನ್ನೆ ಸಪಾದಭಕ್ಷ್ಯಕ್ಕೆ ನಾನು ತೆತ್ತ ಬೆಲೆ ಇದು. ಅದರಲ್ಲಿ ರವೆಯ ತಪ್ಪಿಲ್ಲ, ತುಪ್ಪದ ತಪ್ಪಿಲ್ಲ. ನಡುವೆ ಉಬ್ಬಿಕೊಂಡು ಕೂತಿದ್ದ ಏಳೆಂಟು ಒಣದ್ರಾಕ್ಷಿಯ ತಪ್ಪು, ಮತ್ತೆ ಅದನ್ನು ನಾಯಿಗೆ ಕೊಟ್ಟ ಈ ಕೈಯ ತಪ್ಪು. ಈಗ ಡಾಲಸ್ ಬಳಿಯ ಲಿಟಲ್ ಎಲ್ಮ್‌ನ ನಮ್ಮ ಅಡುಗೆಮನೆಯಲ್ಲಿ ಅತ್ತೆ ರವೆ ಹುರಿಯುತ್ತಿದ್ದಾರೆ. ಆ ಘಮಕ್ಕೆ ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ, ನನಗೆ ಮೂರು ವರ್ಷದ ಹಿಂದಿನ ಒಂದು ಶನಿವಾರ ಕಣ್ಣ ಮುಂದೆ ಬರುತ್ತದೆ. ಬನ್ನಿ, ರವೆ ಕೆಂಪಗಾಗುವುದರೊಳಗೆ ಹೇಳಿಬಿಡುತ್ತೇನೆ.

ನಾನು ಹುಬ್ಬಳ್ಳಿಯವನು. ಅಡುಗೆಕಟ್ಟೆಗೆ ಹಾಸುವ ಗ್ರಾನೈಟ್ ಮಾರುತ್ತೇನೆ. ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಒಂದು ಬಾಡಿಗೆ ಶೆಡ್ಡು, ಒಂದು ಹಳೇ ಟ್ರಕ್ಕಿನಿಂದ ಶುರುಮಾಡಿದವನು, ಈಗ ಡಾಲಸ್ ಕಡೆ ಒಂದು ಗೋದಾಮು, ಆಸ್ಟಿನ್‌ನಲ್ಲಿ ಇನ್ನೊಂದು ಇಟ್ಟುಕೊಂಡಿದ್ದೇನೆ. ಚೌಕಾಸಿ ಮಾಡದೆ ನಾನು ಕೊತ್ತಂಬರಿ ಸೊಪ್ಪನ್ನೂ ಕೊಂಡವನಲ್ಲ. ನಾಯಿಯನ್ನೂ ಹಾಗೇ ತಂದದ್ದು. ಡಾಲಸ್ಸಿನಲ್ಲಿ ಅನಾಥ ನಾಯಿಗಳನ್ನು ಸಾಕುವ ಕಡೆ ಹೋಗಿ, ಮಗಳು ಆರಿಸಿದ ಕಂದು ನಾಯಿಯ ಒಂದು ಕಿವಿ ಹರಿದಿದ್ದನ್ನು ತೋರಿಸಿ, ಮೂಲೆ ಒಡೆದ ಕಲ್ಲಿಗೆ ನಾವು ಬೆಲೆ ಇಳಿಸಿಕೊಡುತ್ತೇವೆ, ನೀವೇನು ಇಳಿಸುತ್ತೀರಿ ಎಂದು ಕೇಳಿದೆ. ಅಲ್ಲಿದ್ದ ಹೆಂಗಸು ನಕ್ಕು ನಕ್ಕು, ಹಣ ಬಿಡಲಿಲ್ಲ, ಕೊರಳಪಟ್ಟಿ ಮತ್ತು ಹಗ್ಗ ಪುಕ್ಕಟೆ ಕೊಟ್ಟಳು. ತಟ್ಟೆಯ ಸದ್ದು ಕೇಳಿದರೆ ಸಾಕು, ನಾಯಿ ಇದ್ದಲ್ಲೇ ಗಿರ್ರನೆ ಸುತ್ತುತ್ತಿತ್ತು. ಬುಗುರಿ ಎಂದು ಹೆಸರಾಯಿತು.

ನಾಯಿ ಬಂದ ಆರು ತಿಂಗಳಿಗೆ ನಾನು ಊರಿಗೆಲ್ಲ ಉಪದೇಶಕನಾದೆ. ಯಾರಾದರೂ ನಾಯಿ ತರುತ್ತೇನೆ ಅಂದರೆ ಸಾಕು, ಫೋನು ನಾನೇ ಮಾಡುತ್ತಿದ್ದೆ. ಬೇಸಗೆಯಲ್ಲಿ ವಾಕಿಂಗ್ ಹೊರಡುವ ಮೊದಲು ನಿಮ್ಮ ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲಿಟ್ಟು ಏಳು ಎಣಿಸಿ, ನಿಮಗೆ ತಡೆಯಲಾಗದ ಬಿಸಿ ಅದರ ಪಾದಕ್ಕೂ ತಡೆಯಲಾಗದು. ನಮ್ಮ ಕಡೆಯ ಸೊಳ್ಳೆ ಕಚ್ಚಿದರೆ ನಾಯಿಯ ಹೃದಯದಲ್ಲಿ ಹುಳು ಬೆಳೆಯುತ್ತದೆ, ತಿಂಗಳ ಗುಳಿಗೆ ಒಂದೂ ತಪ್ಪಿಸಬೇಡಿ. ಕಲಿಸುವಾಗ ಮನೆಯವರೆಲ್ಲ ಒಂದೇ ಮಾತು ಬಳಸಿ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು: ನಾನು 'ಕೂಡು' ಅನ್ನುತ್ತಿದ್ದೆ, ಮೈಸೂರಿನ ಹೆಂಡತಿ 'ಕೂತ್ಕೋ' ಅನ್ನುತ್ತಿದ್ದಳು, ಮಗಳು 'ಸಿಟ್' ಅನ್ನುತ್ತಿದ್ದಳು, ಬುಗುರಿ ಮೂವರನ್ನೂ ನೋಡಿ ಒಂದು ಸುತ್ತು ಸುತ್ತಿ ಮಲಗಿಬಿಡುತ್ತಿತ್ತು. ಈರುಳ್ಳಿ ಹಾಕಿದ ಸಾಂಬಾರನ್ನ ಕೊಡಬೇಡಿ, ಚಾಕಲೇಟು ಬೇಡ, ದ್ರಾಕ್ಷಿ ಸುತರಾಂ ಬೇಡ, ಹಸಿಯದೂ ಬೇಡ ಒಣಗಿದ್ದೂ ಬೇಡ, ಮೂತ್ರಪಿಂಡವೇ ಹೋಗುತ್ತದೆ. ಹೌದು, ಇದನ್ನೂ ನಾನೇ ನಮ್ಮ ಕನ್ನಡದವರ ಫೋನ್ ಗ್ರೂಪಿನಲ್ಲಿ ಹಾಕಿದ್ದೆ. ನಲವತ್ತು ಜನ ಕೈ ಮುಗಿಯುವ ಚಿತ್ರ ಕಳಿಸಿದ್ದರು.

ಆ ಶನಿವಾರ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಮಾಡಿಸುವವರು ರಾಘಣ್ಣ. ರಿಟೈರಾದ ಎಂಜಿನಿಯರ್, ವಾರದ ಕೊನೆಗೆ ಮಡಿ ಉಟ್ಟು ಲೂಯಿಸ್‌ವಿಲ್‌ನಿಂದ ಫ್ರಿಸ್ಕೋವರೆಗೆ ಮನೆಮನೆಯ ಪೂಜೆ ಮಾಡಿಸುತ್ತಾರೆ. ಬಂದವರೇ ನಾಯಿಯನ್ನು ನೋಡಿ, ಇದು ಒಳಗಿದ್ದರೆ ಕಲಶ ಇಡುವುದಿಲ್ಲ ಅಂದರು. ಮೂವತ್ತು ಜನರ ಎದುರು ನಾನು ತಲೆಯಾಡಿಸಿ ಬುಗುರಿಯನ್ನು ಗ್ಯಾರೇಜಿನಲ್ಲಿ ಕೂಡಿಹಾಕಿದೆ. ಮಂತ್ರದ ನಡುವೆ ಅದು ಬಾಗಿಲು ಕೆರೆಯುವುದು ಕೇಳುತ್ತಿತ್ತು. ಮಂಗಳಾರತಿ ಆಗುತ್ತಲೇ ಪಾಪಪ್ರಜ್ಞೆಗೆ ಒಂದು ದೊನ್ನೆ ಸಪಾದ ತೆಗೆದುಕೊಂಡು ಹೋಗಿ ಅದರ ಮುಂದಿಟ್ಟೆ. ನೀವು ಕೇಳಬಹುದು, ದ್ರಾಕ್ಷಿ ಬೇಡ ಎಂದು ಊರಿಗೆಲ್ಲ ಹೇಳಿದವನಿಗೆ ಅದರಲ್ಲಿದ್ದ ದ್ರಾಕ್ಷಿ ಕಾಣಲಿಲ್ಲವೇ? ಕಂಡಿತು. ಆದರೆ ಕೈಯಲ್ಲಿದ್ದದ್ದು ದ್ರಾಕ್ಷಿ ಅಂತ ಅನಿಸಲೇ ಇಲ್ಲ. ಅದು ಪ್ರಸಾದ. ಪ್ರಸಾದವನ್ನು ನಾವು ಕಣ್ಣಿಗೊತ್ತಿಕೊಳ್ಳುತ್ತೇವೆಯೇ ಹೊರತು ಕಣ್ಣು ಬಿಟ್ಟು ನೋಡುತ್ತೇವೆಯೇ?

ಊಟ ಮುಗಿಯುವ ಹೊತ್ತಿಗೆ ಬುಗುರಿಯನ್ನು ಡ್ರೈವ್‌ವೇಗೆ ಬಿಟ್ಟೆ. ನಾಲ್ಕು ಹೆಜ್ಜೆ ಹಾಕಿ ವಾಂತಿ ಮಾಡಿತು. ಅದರಲ್ಲಿ ಎರಡು ದ್ರಾಕ್ಷಿ ಹೊಳೆಯುತ್ತಿದ್ದವು. ಆಗ ಅರ್ಥವಾಯಿತು. ನಾನು ಮಾಡಿದ್ದೇನು ಗೊತ್ತೇ? ಆಚೀಚೆ ನೋಡಿ, ಪೈಪು ಹಿಡಿದು ಅದನ್ನು ತೊಳೆದುಬಿಟ್ಟೆ. ಅಷ್ಟರಲ್ಲಿ ಬುಗುರಿ ಮತ್ತೆ ವಾಂತಿ ಮಾಡಿ ಹುಲ್ಲಿನ ಮೇಲೆ ಮಲಗಿತು. ಮಗಳು ಓಡಿಬಂದು ಯಾರಾದರೂ ಏನಾದರೂ ಕೊಟ್ಟರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ ಅಂದೆ.

ಹೆಂಡತಿ ಅತಿಥಿಗಳ ಜೊತೆ ಉಳಿದಳು. ನಾನು ಡ್ರೈವ್ ಮಾಡಿದೆ, ಹಿಂದೆ ಮಗಳು, ಅವಳ ಪಕ್ಕ ಅತ್ತೆ. ಅತ್ತೆ ಯಾಕೆ ಹತ್ತಿದರು ಎಂದು ನನಗೆ ಹೊಳೆಯಲಿಲ್ಲ. ಅವರು ನಾಯಿಯನ್ನು ಒಮ್ಮೆಯೂ ಮುಟ್ಟಿದವರಲ್ಲ, ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟವರಲ್ಲ. ವಾರಾಂತ್ಯದಲ್ಲೂ ತೆರೆದಿರುವ ಪ್ರಾಣಿಗಳ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಏನು ತಿಂದಿದೆ ಅಂದರು. ದಿನಾ ತಿನ್ನುವ ಅಂಗಡಿಯ ನಾಯಿಕಾಳು ಅಷ್ಟೇ ಅಂದೆ. ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳೆದುರು ಈ ಉಪದೇಶಕ ಹೇಗೆ ಹೇಳುವುದು? ಹಾಗಿದ್ದರೆ ಹೊಟ್ಟೆ ಕೆಟ್ಟಿರಬೇಕು, ವಾಂತಿ ನಿಲ್ಲಲು ಒಂದು ಚುಚ್ಚುಮದ್ದು ಕೊಟ್ಟು ಮನೆಗೆ ಕಳಿಸುತ್ತೇನೆ ಅಂದರು ಡಾಕ್ಟರು. ನನಗೆ ಸಮಾಧಾನವೇ ಆಯಿತು, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಆಗ ಮೂಲೆಯ ಕುರ್ಚಿಯಿಂದ ರೇಷ್ಮೆ ಸೀರೆಯ ಅತ್ತೆ ಎದ್ದರು.

"ನೋ ಡಾಕ್ಟರ್. ರೈಸಿನ್. ಹೀ ಗೇವ್."

ಹಾಲು ತರಲು ಗ್ಯಾರೇಜಿನ ಫ್ರಿಜ್ಜಿಗೆ ಹೋದಾಗ ನೋಡಿದ್ದರಂತೆ. ಮಗಳು ಕಾರಿನಲ್ಲಿ ಫೋನು ನೋಡುತ್ತ ನಾಯಿಗೆ ವಿಷವಾಗುವ ವಸ್ತುಗಳನ್ನು ಒಂದೊಂದಾಗಿ ಓದಿದ್ದಳು, ಅದರಲ್ಲಿ ರೈಸಿನ್ ಅಂದರೆ ಒಣದ್ರಾಕ್ಷಿ ಎಂಬುದು ಅವರಿಗೆ ಅರ್ಥವಾಗಿತ್ತು. ನಾನು ಹೇಳುತ್ತೇನೆ ಎಂದು ಅಲ್ಲಿಯವರೆಗೆ ಕಾದಿದ್ದರು.

ಆಮೇಲೆ ಆ ಕೋಣೆಯಲ್ಲಿ ಯಾರೂ ನಿಧಾನವಾಗಿ ನಡೆಯಲಿಲ್ಲ. ಹೊಟ್ಟೆಯಲ್ಲಿ ಉಳಿದದ್ದನ್ನು ಹೊರಗೆ ತೆಗೆಸಿದರು, ಡ್ರಿಪ್ ಹಾಕಿದರು. ಎರಡು ದಿನ ಇಲ್ಲೇ ಇರಲಿ, ರಕ್ತ ಮತ್ತೆ ಮತ್ತೆ ಪರೀಕ್ಷಿಸಬೇಕು, ಮೂತ್ರಪಿಂಡ ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾರೆ ಎಂದು ಡಾಕ್ಟರು ಖರ್ಚಿನ ಅಂದಾಜು ತಂದಿಟ್ಟರು. ನನ್ನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡು, ಎರಡು ದಿನದ ಬದಲು ಒಂದು ದಿನ ಆಗುವುದಿಲ್ಲವೇ ಎಂದುಬಿಟ್ಟಿತು.

"ಅಳಿಯಂದ್ರೇ," ಅಂದರು ಅತ್ತೆ, "ಇದು ಬದನೆಕಾಯಿ ಅಂಗಡಿ ಅಲ್ಲ. ಸೈನ್ ಹಾಕಿ."

ಹಾಕಿದೆ. ಮೂರನೆಯ ದಿನ ರಕ್ತದ ವರದಿ ಸರಿಯಾಗಿ ಬಂತು, ಬುಗುರಿ ಕಾಲಿಗೆ ನೀಲಿ ಪಟ್ಟಿ ಕಟ್ಟಿಕೊಂಡು ಮನೆಗೆ ಬಂತು. ಅತ್ತೆಗೆ ನಾಯಿಯ ಮೇಲೆ ಪ್ರೀತಿ ಹುಟ್ಟಿತು ಅಂದುಕೊಂಡು ಥ್ಯಾಂಕ್ಸ್ ಹೇಳಲು ಹೋದೆ. "ನಾಯಿಗೋಸ್ಕರ ಅಲ್ಲ," ಅಂದರು, ಸೊಪ್ಪು ಬಿಡಿಸುತ್ತಲೇ. "ಸತ್ಯನಾರಾಯಣನ ಪೂಜೆ ಮಾಡಿ, ಅದೇ ಪಂಚೇಲಿ ನಿಂತು ಸುಳ್ಳು ಹೇಳಿದ್ರಲ್ಲ, ಅದನ್ನ ನೋಡ್ಕೊಂಡು ಕೂರೋಕಾಗ್ಲಿಲ್ಲ."

ಅವತ್ತೇ ಗ್ರೂಪಿನಲ್ಲಿ ಎಲ್ಲವನ್ನೂ ಬರೆದೆ. ಕೊಟ್ಟವನು ನಾನು, ತೊಳೆದವನು ನಾನು, ಸುಳ್ಳು ಹೇಳಿದವನೂ ನಾನು. ನನ್ನನ್ನು ನೋಡಿ ನಕ್ಕವರ ಮೇಲೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ರಾಘಣ್ಣನವರ ಮೇಲೆ. ಪ್ರಸಾದದಿಂದ ಯಾವ ಜೀವಕ್ಕೂ ಕೇಡಾಗುವುದಿಲ್ಲ, ಜನರ ಶ್ರದ್ಧೆ ಕೆಡಿಸಬೇಡ, ಅಳಿಸಿಹಾಕು ಎಂದು ಫೋನು ಮಾಡಿದರು. ನಾನು ಅಳಿಸಲಿಲ್ಲ. ವ್ಯಾಪಾರಿ ನಾನು, ಪಟ್ಟಿಯನ್ನು ಸಾಲು ಸಾಲಾಗಿ ಓದುವ ಅಭ್ಯಾಸ. ಪೂಜೆಯ ಕಥೆಯಲ್ಲಿ ಹೇಳಿದ ಪ್ರಸಾದದ ಪಟ್ಟಿ ತೆಗೆದು ನೋಡಿದೆ: ಬಾಳೆಹಣ್ಣು, ತುಪ್ಪ, ಹಾಲು, ಗೋಧಿ ರವೆ, ಸಕ್ಕರೆ. ದ್ರಾಕ್ಷಿ ಎಲ್ಲಿದೆ? ದೇವರು ಕೇಳದ್ದನ್ನು ನಾವು ರುಚಿಗೆ ಸೇರಿಸಿ, ಅದರ ಹೊಣೆಯನ್ನೂ ದೇವರ ಮೇಲೆ ಹಾಕುವುದು ಯಾವ ಶ್ರದ್ಧೆ? ಇದನ್ನೂ ಗ್ರೂಪಿನಲ್ಲಿ ಹಾಕಿದೆ. ಈ ಸಲ ಕೈ ಮುಗಿದವರು ನಾಲ್ಕೇ ಜನ.

ಇವತ್ತು ಮತ್ತೆ ಪೂಜೆ. ನಿನ್ನೆ ರಾಘಣ್ಣ ಫೋನು ಮಾಡಿ, "ನೋಡಪ್ಪ, ನಾಯಿ ಒಳಗಿದ್ರೆ ನಾನು ಬರೋದಿಲ್ಲ" ಅಂದರು. "ಬ್ಯಾಡ ಬಿಡ್ರಿ, ನಾವs ಮಾಡ್ಕೋತೀವಿ" ಅಂದೆ. ಕಥೆ ಅತ್ತೆ ಓದುತ್ತಾರೆ. ಮೂವತ್ತರಲ್ಲಿ ಹನ್ನೊಂದು ಜನ ಬರುತ್ತೇವೆ ಅಂದಿದ್ದಾರೆ. ಬಾರದವರಲ್ಲಿ ಇಬ್ಬರು ಗ್ರಾನೈಟ್ ಗಿರಾಕಿಗಳು, ಹೋದರೆ ಹೋಗಲಿ. ಬುಗುರಿ ಸೋಫಾದ ಪಕ್ಕ ಚಾಪೆಯ ಮೇಲೆ ಮಲಗಿದೆ. ಆ ಗ್ಯಾರೇಜಿನಲ್ಲಿ ಅದನ್ನು ಇನ್ನು ಯಾರ ಮಾತಿಗೂ ಕೂಡಿಹಾಕುವವನಲ್ಲ ನಾನು.

ಈಗ ನಿಮಗೆ ನಾಲ್ಕು ಮಾತು. ಮನೆಯಲ್ಲಿ ಪೂಜೆ, ಹಬ್ಬ, ಪಾರ್ಟಿ ಏನೇ ಇರಲಿ, ನಾಯಿಯ ಪಾಲನ್ನು ಮೊದಲೇ ಬೇರೆ ಎತ್ತಿಡಿ: ಒಂದಿಷ್ಟು ಬಿಳಿ ಅನ್ನ, ಬೇಯಿಸಿದ ಕ್ಯಾರೆಟ್ಟು ಸಾಕು. ಬಂದವರಿಗೆಲ್ಲ ಬಾಗಿಲಲ್ಲೇ ಹೇಳಿ, ಯಾರೂ ಏನೂ ಕೊಡಕೂಡದು. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ವಾರಾಂತ್ಯದಲ್ಲಿ ತೆರೆದಿರುವ ಆಸ್ಪತ್ರೆಯ ನಂಬರು ಫ್ರಿಜ್ಜಿನ ಮೇಲೆ ಅಂಟಿಸಿರಿ. ದ್ರಾಕ್ಷಿ ತಿಂದಿದೆ ಎಂದು ಗೊತ್ತಾದರೆ ವಾಂತಿಯಾಗಲಿ, ಸುಸ್ತಾಗಲಿ ಎಂದು ಕಾಯಬೇಡಿ, ಆಗಲೇ ಹೊರಡಿ. ಮನೆಮದ್ದೆಂದು ಉಪ್ಪುನೀರು ಕುಡಿಸಬೇಡಿ. ವಾಂತಿಯನ್ನು ತೊಳೆಯಬೇಡಿ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಏನು ತಿಂದಿತು, ಎಷ್ಟು, ಎಷ್ಟು ಹೊತ್ತಿಗೆ, ಡಾಕ್ಟರು ಕೇಳುವ ಮೊದಲೇ ಹೇಳಿಬಿಡಿ. ಯಾರು ಕೊಟ್ಟರು ಎಂಬ ಜಗಳವನ್ನು ಡ್ರಿಪ್ ಹತ್ತಿದ ಮೇಲೆ ಆರಾಮಾಗಿ ಆಡಿ.